ಕೋಟಿ ಆಟದಲ್ಲಿ ಯೋಚಿಸೋಕೆ ಸಮಯ ಕೊಡಿ

ಸಂಪಾದಕರೇ,

ಹಳೇ ಟಿವಿ ಕಾರ್ಯಕ್ರಮಗಳ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಬರಹ ಓದಿದೆ. ಚೆನ್ನಾಗಿತ್ತು. ಆದರೆ ‘ಕೌನ್ ಬನೇಗಾ ಕರೋಡ್‌ಪತಿ’ ಬಗ್ಗೆ ಇದ್ದದ್ದು ಎರಡೇ ಸಾಲು, ಅದೂ ಅಮಿತಾಭ್ ಬಚ್ಚನ್ ಅವರ ಧ್ವನಿ ಮತ್ತು ಬಹುಮಾನದ ಮೊತ್ತದ ಬಗ್ಗೆ. ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಕಾಲದಿಂದ ಬರುತ್ತಿರುವ ಆಟ ಇದು. ಸೀಟು ಅದೇ, ನಾಲ್ಕು ಆಯ್ಕೆ ಅದೇ, ಎದುರಿಗೆ ಕೂತಿರುವವರೂ ಹೆಚ್ಚುಕಡಿಮೆ ಅವರೇ, ಹಾಗಾಗಿ ಆಟವೂ ಅದೇ ಅಂತ ಜನ ಅಂದುಕೊಂಡಿದ್ದಾರೆ. ನನ್ನ ಪ್ರಕಾರ ಅಲ್ಲ. 2000ದಲ್ಲಿ ನಾವು ನೋಡಿದ ಆಟ ಬೇರೆ, 2010ರ ನಂತರ ನೋಡುತ್ತಿರುವ ಆಟ ಬೇರೆ. ಅದರ ಬಗ್ಗೆ ಸ್ವಲ್ಪ ಹೇಳಬೇಕು ಅನಿಸಿ ಬರೆಯುತ್ತಿದ್ದೇನೆ, ಉದ್ದವಾದರೆ ಕತ್ತರಿಸಿಕೊಳ್ಳಿ.

ಮೂಲ ಆಟ ಬ್ರಿಟನ್ನಿನದು. 1998ರ ಸೆಪ್ಟೆಂಬರ್‌ನಲ್ಲಿ ಐಟಿವಿಯಲ್ಲಿ ‘ಹೂ ವಾಂಟ್ಸ್ ಟು ಬಿ ಎ ಮಿಲಿಯನೇರ್’ ಅಂತ ಶುರುವಾಯಿತು, ನಡೆಸುತ್ತಿದ್ದವರು ಕ್ರಿಸ್ ಟ್ಯಾರಂಟ್. ಎರಡು ವರ್ಷಕ್ಕೆ ನಮ್ಮಲ್ಲಿಗೆ ಬಂತು. 2000ದ ಜುಲೈ 3ರಂದು ಸ್ಟಾರ್ ಪ್ಲಸ್‌ನಲ್ಲಿ ಮೊದಲ ಕಂತು. ಸೋಮವಾರದಿಂದ ಗುರುವಾರದವರೆಗೆ ರಾತ್ರಿ 9 ಗಂಟೆಗೆ. ಹಿಂದಿ ಅಷ್ಟಾಗಿ ಬರದವರೂ ನೋಡುತ್ತಿದ್ದರು, ಯಾಕೆಂದರೆ ಪರದೆ ಮೇಲೆ ಪ್ರಶ್ನೆ ಬರುತ್ತಿತ್ತು, ಅದನ್ನು ಓದಿ ಯಾರಾದರೊಬ್ಬರು ಮನೆಯಲ್ಲಿ ಕನ್ನಡದಲ್ಲಿ ಹೇಳುತ್ತಿದ್ದರು.

ಆ ಮೊದಲ ಸೀಸನ್ನಿನ ನಿಯಮ ನೋಡಿ, ಎಷ್ಟು ಸರಳ! ಹದಿನೈದು ಪ್ರಶ್ನೆ. ಸಾವಿರ ರೂಪಾಯಿಯಿಂದ ಒಂದು ಕೋಟಿವರೆಗೆ. ಉತ್ತರ ಗೊತ್ತಾಗದಾಗ ನೆರವಿಗೆ ಮೂರೇ ಲೈಫ್‌ಲೈನ್: ಎರಡು ತಪ್ಪು ಆಯ್ಕೆ ಅಳಿಸುವ ಫಿಫ್ಟಿ-ಫಿಫ್ಟಿ, ಪ್ರೇಕ್ಷಕರ ಮತ ಕೇಳುವ ಆಡಿಯೆನ್ಸ್ ಪೋಲ್, ಸ್ನೇಹಿತರಿಗೆ ಕರೆ ಮಾಡುವ ಫೋನ್ ಎ ಫ್ರೆಂಡ್. ಹತ್ತು ಸಾವಿರ ಮತ್ತು 3 ಲಕ್ಷ 20 ಸಾವಿರ, ಈ ಎರಡು ಕಡೆ ಮಾತ್ರ ಕಾಲಿಡೋಕೆ ಗಟ್ಟಿ ನೆಲ, ಅಂದರೆ ಅಲ್ಲಿಗೆ ಮುಟ್ಟಿದ ಮೇಲೆ ಮುಂದೆ ತಪ್ಪಾದರೂ ಅಷ್ಟು ದುಡ್ಡು ಉಳಿಯುತ್ತದೆ. 50 ಲಕ್ಷ ಗೆದ್ದು ಕೋಟಿ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟರೆ ಕೈಗೆ ಬರುವುದು 3 ಲಕ್ಷ 20 ಸಾವಿರ. ಅಂದರೆ ಒಂದೇ ಮಾತಿಗೆ 46 ಲಕ್ಷ 80 ಸಾವಿರ ಹೋಯಿತು. ಇಂಥ ಜಾಗದಲ್ಲಿ ಮನುಷ್ಯ ಏನು ಮಾಡುತ್ತಾನೆ? ಸುಮ್ಮನೆ ಕೂರುತ್ತಾನೆ. ನೀರು ಕುಡಿಯುತ್ತಾನೆ. ಮೇಲೆ ನೋಡುತ್ತಾನೆ. ಬಾಯಿಬಿಟ್ಟು ಯೋಚಿಸೋಕೆ ಶುರು ಮಾಡುತ್ತಾನೆ, ‘ಎ ಆಗಿರೋಕೆ ಸಾಧ್ಯ ಇಲ್ಲ, ಯಾಕೆಂದರೆ...’ ಅಂತ. ಆ ‘ಯಾಕೆಂದರೆ’ ಕೇಳೋಕೆ ನಾವು ಟಿವಿ ಮುಂದೆ ಕೂರುತ್ತಿದ್ದೆವು. ಆಗ ಗಡಿಯಾರ ಇರಲಿಲ್ಲ. ಎಷ್ಟು ಹೊತ್ತು ಬೇಕಾದರೂ ತಗೊಳ್ಳಬಹುದಿತ್ತು, ಇಡೀ ಆಟ ನಿಂತಿದ್ದೇ ಅದರ ಮೇಲೆ.

ಇನ್ನೊಂದು ಸೂಕ್ಷ್ಮ ಇದೆ, ತುಂಬಾ ಜನ ಗಮನಿಸಿರಲಿಕ್ಕಿಲ್ಲ. ಕೀತ್ ಸ್ಟ್ರಾಚನ್ ಮತ್ತು ಅವರ ಮಗ ಮ್ಯಾಥ್ಯೂ ಸ್ಟ್ರಾಚನ್ ಮಾಡಿದ ಹಿನ್ನೆಲೆ ಸಂಗೀತ ಆಟ ನಡೆಯುವಷ್ಟು ಹೊತ್ತೂ ಹೆಚ್ಚುಕಡಿಮೆ ನಿಲ್ಲುವುದೇ ಇಲ್ಲ. ಪ್ರಶ್ನೆಯಿಂದ ಪ್ರಶ್ನೆಗೆ ಶ್ರುತಿ ಅರ್ಧ ಸ್ವರ ಮೇಲೇರುತ್ತದೆ. ಕಿವಿಗೆ ಗೊತ್ತಾಗುವುದಿಲ್ಲ, ಎದೆಗೆ ಗೊತ್ತಾಗುತ್ತದೆ. ಸ್ಪರ್ಧಿ ಸುಮ್ಮನಿದ್ದಾಗ ಕೇಳಿಸುವುದು ಅದೊಂದೇ. ಈ ಸಂಗೀತ ಕಟ್ಟಿದ್ದೇ ಮೌನವಾಗಿ ಯೋಚಿಸುವ ಮನುಷ್ಯನಿಗೋಸ್ಕರ. ಅದರ ಮೇಲೆ ಟಿಕ್ ಟಿಕ್ ಸದ್ದು ಹಾಕಿದರೆ ಅದರ ಕೆಲಸವೇ ಹೋಯಿತು.

ಆ ವರ್ಷವೇ ಹರ್ಷವರ್ಧನ್ ನವಾಥೆ ಕೋಟಿ ಗೆದ್ದರು. ಕೊನೆಯ ಪ್ರಶ್ನೆ ನನಗೆ ಇವತ್ತಿಗೂ ಇಷ್ಟ: ಈ ನಾಲ್ವರಲ್ಲಿ ಯಾರಿಗೆ ಸಂಸತ್ತಿನ ಕಲಾಪದಲ್ಲಿ ಭಾಗವಹಿಸಲು ಸಂವಿಧಾನ ಅವಕಾಶ ಕೊಡುತ್ತದೆ? ಉತ್ತರ ಅಟಾರ್ನಿ ಜನರಲ್. ನಮ್ಮ ದೇಶ ಹೇಗೆ ನಡೆಯುತ್ತದೆ ಅಂತ ತಿಳಿಯಬೇಕೆನ್ನುವ ಯಾರಾದರೂ ಯೋಚಿಸಬಹುದಾದ ಪ್ರಶ್ನೆ. ಬರೀ ಬಾಯಿಪಾಠದ ವಿಷಯ ಅಲ್ಲ. ಕೋಟಿ ರೂಪಾಯಿಗೆ ತಕ್ಕ ಪ್ರಶ್ನೆ ಅಂದರೆ ಅದು.

2005ರಲ್ಲಿ ಬಹುಮಾನ ಎರಡು ಕೋಟಿ ಆಯಿತು, ಆ ಸೀಸನ್ ಬಚ್ಚನ್ ಅವರ ಆರೋಗ್ಯ ಕೆಟ್ಟು ಅರ್ಧಕ್ಕೇ ನಿಂತಿತು. 2007ರಲ್ಲಿ ಶಾರುಖ್ ಖಾನ್ ಬಂದರು, ಒಂದೇ ಸೀಸನ್. ಅವರನ್ನು ಬೈಯುವವರು ಜಾಸ್ತಿ, ನಾನು ಬೈಯಲ್ಲ. ಅವರು ಸ್ಪರ್ಧಿಯ ಭಯ ಕಡಿಮೆ ಮಾಡೋಕೆ ನೋಡಿದರು, ಒಳ್ಳೇ ಉದ್ದೇಶವೇ. ಆದರೆ ಈ ಆಟಕ್ಕೆ ಸ್ವಲ್ಪ ಭಯ ಬೇಕು.

ನಿಜವಾದ ಬದಲಾವಣೆ ಆಗಿದ್ದು 2010ರಲ್ಲಿ. ಆಟ ಸೋನಿಗೆ ಹೋಯಿತು, ಬಚ್ಚನ್ ವಾಪಸ್ ಬಂದರು, ಕೋಟಿಯ ಮೇಲೆ ಐದು ಕೋಟಿಯ ಜಾಕ್‌ಪಾಟ್ ಪ್ರಶ್ನೆ ಬಂತು, ಜೊತೆಗೆ ಗಡಿಯಾರ ಬಂತು. ನಂತರದ ಸೀಸನ್‌ಗಳಲ್ಲಿ ಮೊದಲ ಐದು ಪ್ರಶ್ನೆಗೆ 45 ಸೆಕೆಂಡ್, ಮುಂದಿನ ಐದಕ್ಕೆ 60 ಸೆಕೆಂಡ್, ಹನ್ನೊಂದರಿಂದ ಸಮಯದ ಮಿತಿ ಇಲ್ಲ. ಮೇಲಿನ ಪ್ರಶ್ನೆಗಳಿಗೆ ಸಮಯ ಇದೆಯಲ್ಲ, ಮತ್ತೇನು ತೊಂದರೆ ಅಂತ ಕೇಳಬಹುದು. ತೊಂದರೆ ಇದೆ. ಹೆಚ್ಚಿನವರು ಹನ್ನೊಂದನೇ ಪ್ರಶ್ನೆಗೆ ಬರುವುದರೊಳಗೆ ಒಂದೆರಡು ಲೈಫ್‌ಲೈನ್ ಖರ್ಚು ಮಾಡಿರುತ್ತಾರೆ, ಗೊತ್ತಿಲ್ಲದೆ ಅಲ್ಲ, ಗಡಿಯಾರ ನೋಡಿ ಗಾಬರಿಯಾಗಿ. ಇನ್ನು ಹತ್ತು ಸೆಕೆಂಡ್ ಇದೆ ಅನ್ನುವಾಗ ಯಾರೂ ಬಿಡಿಸಿ ಯೋಚಿಸುವುದಿಲ್ಲ. ಗೊತ್ತಿದ್ದರೆ ಹೇಳುತ್ತಾರೆ, ಇಲ್ಲದಿದ್ದರೆ ಲೈಫ್‌ಲೈನ್ ಕೇಳುತ್ತಾರೆ. ನಡುವಿನ ದಾರಿ, ಅಂದರೆ ಗೊತ್ತಿಲ್ಲದಿದ್ದರೂ ಗೊತ್ತಿರುವುದನ್ನೆಲ್ಲ ಜೋಡಿಸಿ ಉತ್ತರಕ್ಕೆ ಬರುವ ದಾರಿ, ಅದು ಮುಚ್ಚಿಹೋಗುತ್ತದೆ.

ಆ ದಾರಿ ಎಷ್ಟು ಚೆಂದ ಅಂತ ತೋರಿಸೋಕೆ ಒಂದೇ ಪ್ರಶ್ನೆ ಸಾಕು. 2011ರಲ್ಲಿ ಬಿಹಾರದ ಮೋತಿಹಾರಿಯ ಸುಶೀಲ್ ಕುಮಾರ್ ಐದು ಕೋಟಿ ಗೆದ್ದರಲ್ಲ, ಅವರಿಗೆ ಬಂದ ಕೊನೆಯ ಪ್ರಶ್ನೆ: 1868ರಲ್ಲಿ ನಿಕೋಬಾರ್ ದ್ವೀಪಗಳ ಹಕ್ಕನ್ನು ಬ್ರಿಟಿಷರಿಗೆ ಮಾರಿ ಭಾರತದಿಂದ ಹೊರಟುಹೋದ ವಸಾಹತು ದೇಶ ಯಾವುದು? ಆಯ್ಕೆಗಳು ಬೆಲ್ಜಿಯಂ, ಇಟಲಿ, ಡೆನ್ಮಾರ್ಕ್, ಫ್ರಾನ್ಸ್. ಕೇಳಿದ ತಕ್ಷಣ ಯಾರಿಗೆ ಗೊತ್ತಿರುತ್ತದೆ ಹೇಳಿ? ಆದರೆ ಕೂತು ನೋಡಿ. ಫ್ರಾನ್ಸ್ ಆಗೋಕೆ ಸಾಧ್ಯವಿಲ್ಲ, ಅವರು ಪುದುಚೇರಿ ಬಿಟ್ಟು ಹೋಗಿದ್ದು 1954ರಲ್ಲಿ. ಇಟಲಿ ಒಂದು ದೇಶವಾಗಿ ಒಗ್ಗೂಡಿದ್ದೇ 1861ರಲ್ಲಿ, ಏಳು ವರ್ಷದಲ್ಲಿ ಇಲ್ಲಿ ಬಂದು ನೆಲೆಯೂರಿ ಮಾರಿಕೊಂಡು ಹೋಗಿರಲಿಕ್ಕಿಲ್ಲ. ಬೆಲ್ಜಿಯಂ ಸ್ವತಂತ್ರವಾಗಿದ್ದು 1830ರಲ್ಲಿ, ಅದೂ ಅನುಮಾನವೇ. ಡೆನ್ಮಾರ್ಕ್? ಹೌದಲ್ವಾ, ತಮಿಳುನಾಡಿನ ತರಂಗಂಬಾಡಿಯಲ್ಲಿ ಸಮುದ್ರದ ದಂಡೆ ಮೇಲೆ ಡೇನಿಷರ ಕೋಟೆ ಇದೆ. ಬಂತು ಉತ್ತರ! ನಿಕೋಬಾರ್ ಬಗ್ಗೆ ಏನೇನೂ ಗೊತ್ತಿಲ್ಲದೆ ಬಂತು. ಸುಶೀಲ್ ಕುಮಾರ್ ಹೀಗೇ ಯೋಚಿಸಿದರು ಅಂತ ನಾನು ಹೇಳುತ್ತಿಲ್ಲ, ಮನೆಯಲ್ಲಿ ಕೂತವರು ಹೀಗೆ ಯೋಚಿಸಬಹುದಿತ್ತು ಅಂತ ಹೇಳುತ್ತಿದ್ದೇನೆ. ಇದನ್ನು 45 ಸೆಕೆಂಡಿನಲ್ಲಿ ಮಾಡೋಕಾಗುತ್ತಾ? ಪ್ರಶ್ನೆಗೆ ಗಡಿಯಾರ ಇರಲಿಲ್ಲ, ಅದಕ್ಕೇ ಅದು ಅಷ್ಟು ಒಳ್ಳೇ ಪ್ರಶ್ನೆಯಾಯಿತು.

ವೇಗವೇ ತಪ್ಪು ಅಂತ ನನ್ನ ವಾದ ಅಲ್ಲ. ಚಂದನದಲ್ಲಿ 2002ರಿಂದ ಬರುತ್ತಿರುವ ‘ಥಟ್ ಅಂತ ಹೇಳಿ’ ನೋಡಿ. ಡಾ. ನಾ. ಸೋಮೇಶ್ವರ ನಡೆಸುವ ಆ ಕಾರ್ಯಕ್ರಮದಲ್ಲಿ ಚುರುಕಾಗಿ ಹೇಳುವುದೇ ನಿಯಮ, ಬಹುಮಾನ ಪುಸ್ತಕ, ತಪ್ಪಾದರೂ ಜೀವನ ಮುಳುಗಿಹೋಗುವುದಿಲ್ಲ, ಹಾಗಾಗಿ ವೇಗ ಅಲ್ಲಿ ಖುಷಿ ಕೊಡುತ್ತದೆ. ನಾನು ಅದನ್ನೂ ಪ್ರೀತಿಯಿಂದಲೇ ನೋಡುತ್ತೇನೆ. ಆದರೆ ಒಬ್ಬ ಮನುಷ್ಯನ ಮನೆ ಸಾಲ, ಮಗಳ ಓದು ಎಲ್ಲ ಒಂದು ಉತ್ತರದ ಮೇಲೆ ನಿಂತಿರುವಾಗ ಅವನನ್ನು ಓಡಿಸಬಾರದು.

ಬ್ರಿಟನ್ನಿನವರೂ 2010ರಲ್ಲಿ ಗಡಿಯಾರ ತಂದಿದ್ದರು. ಅಮೆರಿಕದವರು ಅದಕ್ಕೂ ಮೊದಲೇ, 2008ರಲ್ಲಿ. ಆದರೆ 2018ರಲ್ಲಿ ಜೆರೆಮಿ ಕ್ಲಾರ್ಕ್‌ಸನ್ ಅವರನ್ನು ಕೂರಿಸಿ ಬ್ರಿಟನ್ನಿನಲ್ಲಿ ಆಟ ಮತ್ತೆ ಶುರು ಮಾಡಿದಾಗ ಗಡಿಯಾರ ತೆಗೆದುಹಾಕಿದರು. ಮತ್ತೆ ಹದಿನೈದು ಪ್ರಶ್ನೆ, ಬೇಕಾದಷ್ಟು ಸಮಯ. ಹುಟ್ಟಿಸಿದ ಊರಿನವರೇ ಬೇಡ ಅಂದ ವಸ್ತುವನ್ನು ನಾವು ಯಾಕೆ ಹಿಡಿದುಕೊಂಡಿದ್ದೇವೋ ನನಗೆ ಅರ್ಥವಾಗಿಲ್ಲ.

ಹಾಗಂತ ಹಳೇದೆಲ್ಲ ಚಿನ್ನ, ಹೊಸದೆಲ್ಲ ಕಸ ಅನ್ನುವವನಲ್ಲ ನಾನು. ಒಂದು ವಿಷಯದಲ್ಲಿ ಹೊಸ ಕಾಲ ಖಂಡಿತ ಮುಂದಿದೆ, ಅದು ಸೀಟಿನಲ್ಲಿ ಕೂರುವ ಜನ. 2013ರ ಜನವರಿಯಲ್ಲಿ ಸುನ್‌ಮೀತ್ ಕೌರ್ ಐದು ಕೋಟಿ ಗೆದ್ದರು, ಅಷ್ಟು ದೊಡ್ಡ ಮೊತ್ತ ಗೆದ್ದ ಮೊದಲ ಮಹಿಳೆ. 2019ರಲ್ಲಿ ಮಹಾರಾಷ್ಟ್ರದ ಅಮರಾವತಿ ಜಿಲ್ಲೆಯ ಬಬಿತಾ ತಾಡೆ ಬಂದರು. ಶಾಲೆಯಲ್ಲಿ ಮಕ್ಕಳಿಗೆ ಬಿಸಿಯೂಟ ಮಾಡುವವರು, ತಿಂಗಳಿಗೆ ಸಿಗುತ್ತಿದ್ದದ್ದು 1,500 ರೂಪಾಯಿ. ಕೋಟಿ ಗೆದ್ದು ಹೋದರು. 2021ರಲ್ಲಿ ಆಗ್ರಾದ ಹಿಮಾನಿ ಬುಂದೇಲಾ, ದೃಷ್ಟಿದೋಷ ಇರುವ ಶಿಕ್ಷಕಿ, ಅವರೂ ಕೋಟಿ ಗೆದ್ದರು. ಇಂಥವರ ಕಥೆಯನ್ನು ನಾಡಿಗೆಲ್ಲ ಹೇಳಿದ್ದು ಹೊಸ ಕಾಲದ ದೊಡ್ಡ ಕೆಲಸ, ಅದನ್ನು ಮನಸಾರೆ ಒಪ್ಪುತ್ತೇನೆ.

ನನ್ನ ತಕರಾರು ಇರುವುದು ಅಳತೆಯ ಬಗ್ಗೆ. ಊರು, ಮನೆ, ತಾಯಿಯ ಕಣ್ಣೀರು, ಹಿಂದೆ ವಯೊಲಿನ್, ಇಷ್ಟೆಲ್ಲ ಮುಗಿದು ಮೊದಲ ಪ್ರಶ್ನೆ ಬರುವಷ್ಟರಲ್ಲಿ ಎರಡು ಸಲ ಜಾಹೀರಾತು ಬಂದಿರುತ್ತದೆ. ಆಮೇಲೆ ಪ್ರಶ್ನೆಗೆ 45 ಸೆಕೆಂಡ್! ಕಥೆಗೆ ಅಷ್ಟು ಸಮಯ ಇದೆ, ಯೋಚನೆಗೆ ಇಲ್ಲ. ಬಬಿತಾ ತಾಡೆಯವರ ಬಗ್ಗೆ ನನಗೆ ಗೌರವ ಬಂದದ್ದು ಅವರು ಬಡವರು ಅಂತ ಅಲ್ಲ. ಅವರಿಗೆ ಅಷ್ಟು ವಿಷಯ ಗೊತ್ತಿತ್ತು, ಗೊತ್ತಿದ್ದದ್ದನ್ನು ಅಷ್ಟು ದೊಡ್ಡ ಜಾಗದಲ್ಲಿ ಕೂತು ಧೈರ್ಯವಾಗಿ ಹೇಳಿದರು, ಅದಕ್ಕೆ. ಅವರ ಯೋಚನೆಯನ್ನು ಇನ್ನೂ ಜಾಸ್ತಿ ತೋರಿಸಿದ್ದರೆ ಆ ಗೌರವ ಇನ್ನೂ ಹೆಚ್ಚಾಗುತ್ತಿತ್ತು.

ಲೈಫ್‌ಲೈನ್‌ಗಳೂ ಬದಲಾಗಿವೆ. 2017ರಲ್ಲಿ ಫೋನ್ ಹೋಗಿ ವಿಡಿಯೊ ಕರೆ ಬಂತು, ‘ಜೋಡಿದಾರ್’ ಅಂತ ಜೊತೆಗಾರರನ್ನು ಪಕ್ಕಕ್ಕೆ ಕರೆಯುವ ವ್ಯವಸ್ಥೆ ಬಂತು. ಬರೀ ಧ್ವನಿ ಇದ್ದಾಗ ಆ ಕಡೆಯ ಸ್ನೇಹಿತ ನಿಜವಾಗಿ ಗೊತ್ತಿದ್ದು ಹೇಳುತ್ತಿದ್ದಾನಾ, ಅಂದಾಜಿಗೆ ಹೇಳುತ್ತಿದ್ದಾನಾ ಅಂತ ಧ್ವನಿಯಿಂದಲೇ ಅಳೆಯಬೇಕಿತ್ತು. ಮೂವತ್ತು ಸೆಕೆಂಡ್‌ನ ಆ ಮಾತುಕತೆ ಎಷ್ಟು ಸಲ ಆಟದ ಅತ್ಯಂತ ಬಿಗಿಯಾದ ಭಾಗವಾಗಿರುತ್ತಿತ್ತು! 2020ರಲ್ಲಿ ಕೋವಿಡ್‌ನಿಂದ ಸ್ಟುಡಿಯೊದಲ್ಲಿ ಪ್ರೇಕ್ಷಕರೇ ಇರಲಿಲ್ಲ, ಆಡಿಯೆನ್ಸ್ ಪೋಲ್ ಕೈಬಿಟ್ಟರು. ಅದು ಅನಿವಾರ್ಯ, ತಪ್ಪು ಹುಡುಕಲ್ಲ. ಸೋನಿಲಿವ್ ಆ್ಯಪ್‌ನಲ್ಲಿ ಮನೆಯಲ್ಲೇ ಆಡುವ ಅವಕಾಶ ಬಂದಿದ್ದೂ ಕೆಲವರಿಗೆ ಖುಷಿ. ಆದರೆ ಮೊದಲು ಉತ್ತರಕ್ಕೋಸ್ಕರ ಮನೆಮಂದಿ ಜೋರಾಗಿ ಜಗಳ ಆಡುತ್ತಿದ್ದರು, ಈಗ ಒಬ್ಬೊಬ್ಬರೂ ತಂತಮ್ಮ ಫೋನಿನಲ್ಲಿ ಒತ್ತಿ ಸುಮ್ಮನಾಗುತ್ತಾರೆ.

ಇನ್ನು ನಮ್ಮ ‘ಕನ್ನಡದ ಕೋಟ್ಯಧಿಪತಿ’. 2012ರ ಮಾರ್ಚ್‌ನಲ್ಲಿ ಸುವರ್ಣದಲ್ಲಿ ಪುನೀತ್ ರಾಜ್‌ಕುಮಾರ್ ಶುರು ಮಾಡಿದರು, 2013ರಲ್ಲಿ ಇನ್ನೊಂದು ಸೀಸನ್ ಮಾಡಿದರು. 2018ರಲ್ಲಿ ರಮೇಶ್ ಅರವಿಂದ್ ನಡೆಸಿದರು, 2019ರಲ್ಲಿ ಕಲರ್ಸ್ ಕನ್ನಡದಲ್ಲಿ ಮತ್ತೆ ಪುನೀತ್. ಇಬ್ಬರ ರೀತಿಯೂ ಬೇರೆ. ರಮೇಶ್ ವಿಷಯವನ್ನು ಬಿಡಿಸಿ ಹೇಳುವವರು, ಉತ್ತರ ಬಂದ ಮೇಲೆ ಅದರ ಹಿಂದಿನದ್ದನ್ನು ಒಂದಿಷ್ಟು ಕೇಳೋಣ ಅನಿಸುತ್ತಿತ್ತು. ಪುನೀತ್ ಅವರ ಶಕ್ತಿ ಬೇರೆಯದು. ಹಳ್ಳಿಯಿಂದ ಬಂದ ಹೆಂಗಸೊಬ್ಬರು ಕ್ಯಾಮೆರಾ ನೋಡಿ ಹೆದರಿ ಕೂತಿದ್ದರೆ ಇವರು ಸ್ವಲ್ಪ ಮುಂದಕ್ಕೆ ಬಾಗಿ, ನಕ್ಕು, ಮನೆಮಗನ ಹಾಗೆ ಎರಡು ಮಾತಾಡುತ್ತಿದ್ದರು. ದೊಡ್ಡ ಸ್ಟಾರ್ ಎದುರು ಕೂತಿದ್ದೇನೆ ಅನ್ನೋದು ಅವರಿಗೆ ಮರೆತೇಹೋಗುತ್ತಿತ್ತು. ಬಚ್ಚನ್ ಅವರ ಎದುರು ಜನ ಗೌರವದಿಂದ ನೆಟ್ಟಗೆ ಕೂರುತ್ತಿದ್ದರು, ಪುನೀತ್ ಎದುರು ಸಡಿಲವಾಗಿ ಕೂರುತ್ತಿದ್ದರು. ಸಡಿಲವಾಗಿ ಕೂತವರೇ ಚೆನ್ನಾಗಿ ಯೋಚಿಸುತ್ತಾರೆ. 2021ರ ಅಕ್ಟೋಬರ್ 29ರಂದು ಅವರು ಹೋದ ಮೇಲೆ ಆ ಸೀಟು ನೆನೆಸಿಕೊಂಡರೂ ಸಂಕಟವಾಗುತ್ತದೆ.

ಕನ್ನಡದಲ್ಲಿ ಈ ಆಟ ಬಂದಿದ್ದರಿಂದ ಇನ್ನೊಂದು ದೊಡ್ಡ ಲಾಭ ಆಯಿತು. ಹಿಂದಿ ಆಟ ನೋಡುವಾಗ ನಮ್ಮ ನದಿ, ನಮ್ಮ ಕವಿಗಳು, ನಮ್ಮ ರಾಜರು ಪ್ರಶ್ನೆಯಾಗಿ ಬರುವುದೇ ಅಪರೂಪ. ಬಂದರೂ ‘ಕಷ್ಟದ ಪ್ರಶ್ನೆ’ ಅಂತ ಮೇಲಿನ ಹಂತದಲ್ಲಿ ಬರುತ್ತಿತ್ತು. ನಮ್ಮ ಅಜ್ಜಿಗೂ ಗೊತ್ತಿರುವ ವಿಷಯ ಅಲ್ಲಿ ಲಕ್ಷಗಟ್ಟಲೆ ಬೆಲೆಯ ಒಗಟು. ಕನ್ನಡದಲ್ಲಿ ಅದು ತಿರುಗುಮುರುಗಾಯಿತು, ನಮ್ಮ ತಿಳಿವಳಿಕೆ ಕೆಳಗಿನ ಮೆಟ್ಟಿಲಲ್ಲಿ ನಿಂತು ಜನರನ್ನು ಮೇಲೆ ಹತ್ತಿಸಿತು.

ಅದಕ್ಕೇ ನಿಮ್ಮ ಪತ್ರಿಕೆ ಮೂಲಕ ಕನ್ನಡದ ವಾಹಿನಿಯವರಿಗೆ ಕೇಳಿಕೊಳ್ಳುತ್ತೇನೆ. ಮುಂದೆ ಯಾರೇ ಈ ಆಟವನ್ನು ಕನ್ನಡದಲ್ಲಿ ನಡೆಸಿದರೂ ಬಹುಮಾನ ಜಾಸ್ತಿ ಮಾಡುವ ಪೈಪೋಟಿ ಬೇಡ. ಒಂದು ಕೋಟಿಯೇ ಇರಲಿ, ಹೇಗೂ ಅದರಲ್ಲಿ ಶೇ 30 ತೆರಿಗೆಗೇ ಹೋಗುತ್ತದೆ, ಅದರ ಮೇಲೆ ಸೆಸ್ಸು ಬೇರೆ. ಹದಿನೈದು ಪ್ರಶ್ನೆ, ಮೂರು ಲೈಫ್‌ಲೈನ್ ಸಾಕು. ಸ್ಪರ್ಧಿಯ ಕಥೆ ಹೇಳಿ, ಆದರೆ ಆಟದ ನಡುವೆ ಅವರ ಬಾಯಿಂದಲೇ ಸ್ವಲ್ಪ ಸ್ವಲ್ಪ ಬರಲಿ. ಗಡಿಯಾರ ತೆಗೆಯಿರಿ. ಮತ್ತೆ ಇನ್ನೊಂದು, ಇದು ಯಾವ ಕಾಲದಲ್ಲೂ ಸರಿಯಾಗಿ ಆಗಿಲ್ಲ: ಉತ್ತರ ಲಾಕ್ ಆಗಿ ಚಪ್ಪಾಳೆ ಮುಗಿದ ಮೇಲೆ ಉಳಿದ ಮೂರು ಆಯ್ಕೆ ಯಾಕೆ ತಪ್ಪು ಅಂತ ಅರ್ಧ ನಿಮಿಷ ಹೇಳಿ. ನಾವು ಮನೆಯಲ್ಲಿ ಕೂತು ಅವುಗಳಲ್ಲೇ ಒಂದನ್ನು ಆರಿಸಿಕೊಂಡಿರುತ್ತೇವೆ.

ನಿಮ್ಮ ಓದುಗ