ಭಾನುವಾರ ಬೆಳಿಗ್ಗೆ 10ಕ್ಕೆ ಫಿಸಿಕ್ಸ್: ತರಂಗ ಮತ್ತು ದ್ರವ್ಯ

ಎಲ್ಲರಿಗೂ ನಮಸ್ಕಾರ.

ಸೆಕೆಂಡ್ ಪಿಯುಸಿ ಸೈನ್ಸ್‌ನವರು ಗಮನಿಸಿ. ಈ ಭಾನುವಾರ ಬೆಳಿಗ್ಗೆ 10ರಿಂದ 1ರವರೆಗೆ ಧಾರವಾಡದ ಸಪ್ತಾಪುರದಲ್ಲಿ, ಹೋದ ಸಲ ಕೂತ ರೂಮಿನಲ್ಲೇ ಸೇರೋಣ. ಹುಬ್ಬಳ್ಳಿಯಿಂದ ಚಿಗರಿ ಬಸ್ಸಿಗೆ ಬರುವವರು ಜುಬಿಲಿ ಸರ್ಕಲ್‌ನಲ್ಲಿ ಇಳಿಯಿರಿ, ಒಬ್ಬರು ಬಂದು ಕರೆದುಕೊಂಡು ಹೋಗುತ್ತಾರೆ.

ನಿನ್ನೆ ರಾತ್ರಿ ನೀವು ಕಳಿಸಿದ ಉತ್ತರಗಳ ಫೋಟೋ ಎಲ್ಲ ನೋಡಿದೆ. ಡಿ ಬ್ರಾಗ್ಲಿ ತರಂಗದೂರದ (ಚಲಿಸುವ ಕಣದ ಜೊತೆಗಿರುವ ತರಂಗದ ಉದ್ದ) ಲೆಕ್ಕದಲ್ಲೇ ತಪ್ಪು ಜಾಸ್ತಿ. 1.227 ಅನ್ನು √ವೋಲ್ಟೇಜ್‌ನಿಂದ ಭಾಗಿಸುವ ಸೂತ್ರ ಎಲೆಕ್ಟ್ರಾನ್‌ಗೆ ಮಾತ್ರ. 54 ವೋಲ್ಟ್‌ಗೆ 0.167 ನ್ಯಾನೋಮೀಟರ್ ಬರುತ್ತದೆ. 1927ರಲ್ಲಿ ಡೇವಿಸನ್ ಮತ್ತು ಜರ್ಮರ್ ನಿಕ್ಕಲ್ ಹರಳಿನ ಮೇಲೆ ಎಲೆಕ್ಟ್ರಾನ್ ಹಾಯಿಸಿ ಅಳೆದಾಗ ಸಿಕ್ಕಿದ್ದು 0.165. ಎಷ್ಟು ಹತ್ತಿರ ಇದೆ ಅಲ್ವಾ! ಪ್ರೋಟಾನ್ ಕೇಳಿದರೆ ಅದೇ ಸೂತ್ರ ಹಾಕಬೇಡಿ. ಅದರ ತೂಕ ಎಲೆಕ್ಟ್ರಾನ್‌ನ ಸುಮಾರು 1836 ಪಟ್ಟು, ಹಾಗಾಗಿ ಅದೇ ವೋಲ್ಟೇಜ್‌ನಲ್ಲಿ ತರಂಗದೂರ ಸುಮಾರು 43 ಪಟ್ಟು ಕಡಿಮೆ.

ಫೋಟೋಎಲೆಕ್ಟ್ರಿಕ್ (ಬೆಳಕು ಬಿದ್ದಾಗ ಲೋಹದಿಂದ ಎಲೆಕ್ಟ್ರಾನ್ ಹೊರಬರುವ) ಲೆಕ್ಕದಲ್ಲಿ ಎಲೆಕ್ಟ್ರಾನ್‌ವೋಲ್ಟನ್ನು ಜೌಲ್‌ಗೆ ಬದಲಿಸೋದು ಮರೀಬೇಡಿ. ಸುಮ್ನೆ ಮಾರ್ಕ್ಸ್ ಹೋಗುತ್ತವೆ.

ಪ್ರತಿಯೊಬ್ಬರೂ ತಮಗೆ ಬಿಡಿಸಲು ಬಾರದ ಎರಡು ಪ್ರಶ್ನೆಗಳನ್ನು ಶುಕ್ರವಾರ ರಾತ್ರಿಯೊಳಗೆ ಇಲ್ಲಿ ಹಾಕಿ. ಬರೀ ಉತ್ತರ ಕಳಿಸಬೇಡಿ, ನೀವು ಎಲ್ಲಿ ಸಿಕ್ಕಿಕೊಂಡಿರಿ ಅಂತ ಬರೆಯಿರಿ. ಉತ್ತರ ಗೊತ್ತಿರುವವರು ಹಂತ ಹಂತವಾಗಿ ಬಿಡಿಸಿ ತೋರಿಸಿ. ನೋಟ್‌ಬುಕ್, ಲಾಗ್ ಟೇಬಲ್ ತನ್ನಿ. ಗದಗಿನಿಂದ ಬರಲಾಗದವರಿಗೆ ಬಿಡಿಸಿದ ಹಾಳೆಗಳ ಫೋಟೋ ಸಂಜೆಯೇ ಹಾಕುತ್ತೇನೆ.

ಬರುವವರು "ಬರ್ತೀನಿ" ಅಂತ ನಾಳೆಯೊಳಗೆ ತಿಳಿಸಿ. ರೂಮಿಗೆ ಕುರ್ಚಿ ಹೇಳಬೇಕು.