ಎದೆಮೂಳೆಯ ತೂತೆಲ್ಲ ಗುಂಡೇಟಲ್ಲ

ಮಾನ್ಯರೇ,

ಪಾಯ ತೋಡುವಾಗ ಮೂಳೆ ಸಿಕ್ಕಿತು ಅಂದರೆ ಸಾಕು, ಸಂಜೆಯೊಳಗೆ ಟೀವಿಯಲ್ಲಿ ಕೊಲೆಯ ಕಥೆ ರೆಡಿ. ಮೊನ್ನೆ ಒಂದು ಚಾನೆಲ್‌ನಲ್ಲಿ ಎದೆಮೂಳೆಯ ತೂತಿಗೆ ಕೆಂಪು ಬಾಣ ಹಾಕಿ ‘ಗುಂಡೇಟು?’ ಎಂದು ತೋರಿಸುತ್ತಿದ್ದರು. 31 ವರ್ಷ ಅನಾಟಮಿ ಪಾಠ ಮಾಡಿದವಳು ನಾನು. ಕಾಫಿ ಲೋಟ ಕೆಳಗಿಟ್ಟು ಟೀವಿ ಹತ್ತಿರವೇ ಹೋಗಿ ನೋಡಿದೆ. ತೂತಿನ ಅಂಚು ಬಳೆಯಂತೆ ನುಣ್ಣಗಿತ್ತು.

ಎಡಬಲದ ಎರಡು ಪಟ್ಟಿಗಳು ಕೂಡಿ ಎದೆಮೂಳೆ ಆಗುತ್ತದೆ. ಎಲ್ಲೋ ಸರಿಯಾಗಿ ಕೂಡದಿದ್ದರೆ ಕೆಳಭಾಗದಲ್ಲಿ ದುಂಡನೆಯ ತೂತು ಉಳಿಯುತ್ತದೆ. ನೂರರಲ್ಲಿ ಸುಮಾರು 5 ಜನರಿಗೆ ಹೀಗಿರುತ್ತದೆ. ಬದುಕಿದ್ದಾಗ ಅವರಿಗೆ ಗೊತ್ತೂ ಆಗುವುದಿಲ್ಲ. (ಅಲ್ಲಿ ಸೂಜಿ ಚುಚ್ಚುವ ಅಕ್ಯುಪಂಕ್ಚರ್‌ನವರು ಮಾತ್ರ ಹುಷಾರಾಗಿರಬೇಕು, ಹಿಂದೆಯೇ ಹೃದಯ!) ಗುಂಡು ತೂರಿದ್ದರೆ ಅಂಚು ಒರಟಾಗಿರುತ್ತದೆ, ಸುತ್ತ ಬಿರುಕೂ ಬಿಟ್ಟಿರಬಹುದು.

ನಮ್ಮ ವಿಭಾಗದ ಪೆಟ್ಟಿಗೆಯಲ್ಲಿ ಒಂದು ತೋಳಿನ ಮೂಳೆಗೆ ಮೊಣಕೈ ಹತ್ತಿರ ಕಿಂಡಿ ಇತ್ತು. ‘ಮೇಡಂ, ಇಲಿ ಕಡಿದಿದೆ’ ಅಂತ ಪ್ರತಿ ವರ್ಷ ಯಾರಾದರೊಬ್ಬರು ತರುತ್ತಿದ್ದರು. ಆ ಜಾಗದಲ್ಲಿ ಮೂಳೆ ಈರುಳ್ಳಿ ಸಿಪ್ಪೆಯಷ್ಟು ತೆಳು. ಕೆಲವರಲ್ಲಿ ಅದೂ ಇರುವುದಿಲ್ಲ, ಅಷ್ಟೇ. ಇನ್ನೊಂದು ಬುರುಡೆಯ ಹಣೆ ಮೇಲೆ ನೆಟ್ಟಗೆ ಒಂದು ಗೆರೆ. ಎಳೆ ಮಕ್ಕಳ ಹಣೆಯಲ್ಲಿ ಎರಡು ಮೂಳೆ ಸೇರುವ ಕಡೆ ಇರುವ ಹೊಲಿಗೆಯಂಥ ಈ ಗೆರೆ ಸಾಮಾನ್ಯವಾಗಿ 2 ವರ್ಷದೊಳಗೆ ಕೂಡಿಕೊಳ್ಳುತ್ತದೆ. ಕೆಲವರಲ್ಲಿ ಸಾಯುವ ತನಕ ಹಾಗೇ ಇರುತ್ತದೆ. ನಮ್ಮ ಅಟೆಂಡರ್ ಅದನ್ನು ತೋರಿಸಿ ‘ಹಣೆಬರಹ ಅಂದ್ರೆ ಇದೇ ನೋಡ್ರಿ’ ಅನ್ನುತ್ತಿದ್ದ. ಟೀವಿಯವರ ಕೈಗೆ ಸಿಕ್ಕರೆ ಅದು ಮಚ್ಚಿನೇಟು!

ಕಾಯಿಲೆಯನ್ನೂ ಒಂದೇ ಗುರುತಿನಿಂದ ಹೇಳಲಾಗದು. ರಾಜಸ್ಥಾನದ ಬಾಲಾಥಲ್‌ನಲ್ಲಿ ಸಿಕ್ಕ ಸುಮಾರು 4000 ವರ್ಷ ಹಳೆಯ ಅಸ್ಥಿಪಂಜರದಲ್ಲಿ ಕುಷ್ಠರೋಗದ ಗುರುತುಗಳಿವೆ ಎಂದು 2009ರಲ್ಲಿ ಪ್ರಕಟವಾಯಿತು. ಮೂಗಿನ ಕಿಂಡಿಯ ಅಂಚು ಸವೆದದ್ದು, ಅದರ ಬುಡದ ಮುಳ್ಳಿನಂಥ ಮೂಳೆ ಕರಗಿದ್ದು, ಮೇಲ್ದವಡೆ ಹಾಳಾದದ್ದು, ಇವನ್ನೆಲ್ಲ ಜೊತೆಗಿಟ್ಟು ನೋಡಿದ ಮೇಲೆ ಹೇಳಿದ ಮಾತು ಅದು.

ಇನ್ನು ಹಾರೆ ಗುದ್ದಲಿ ತಾಗಿ ಒಡೆದ ಮೂಳೆಯಂತೂ ಸುಲಭ. ಹೊಸದಾಗಿ ಒಡೆದ ಜಾಗ ಬೆಳ್ಳಗಿರುತ್ತದೆ, ಉಳಿದದ್ದು ಮಣ್ಣಿನ ಬಣ್ಣ. ಅಗೆದವರನ್ನೇ ಕೇಳಿದರೂ ಹೇಳುತ್ತಾರೆ.

ಹಾಗಂತ ಟೀವಿಯಲ್ಲಿ ನೋಡಿ ತೀರ್ಪು ಕೊಡೋದಕ್ಕೆ ನಾನೂ ಯಾರು? ಮೂಳೆಯನ್ನು ಕೈಯಲ್ಲಿ ಹಿಡಿದು, ಹಿಂದೆ ಮುಂದೆ ತಿರುಗಿಸಿ, ಬೆಳಕಿಗೆ ಒಡ್ಡಿ ನೋಡಬೇಕು. ಹಾಗೆ ನೋಡಿದವರ ವರದಿ ಬರುವ ಹೊತ್ತಿಗೆ ಚಾನೆಲ್‌ನವರು ಆ ಸುದ್ದಿಯನ್ನೇ ಮರೆತಿರುತ್ತಾರೆ. ನಿಮ್ಮ ಪತ್ರಿಕೆಯಾದರೂ ಅದನ್ನು ಹಾಕಲಿ. ಒಳಪುಟದ ಮೂಲೆಯಲ್ಲಿದ್ದರೂ ಸರಿ, ಹುಡುಕಿ ಓದುತ್ತೇನೆ.

– ನಿವೃತ್ತ ಅನಾಟಮಿ ಅಧ್ಯಾಪಕಿ, ಹುಬ್ಬಳ್ಳಿ