ಕಂಪನಿಯ ಕಾಗದಪತ್ರಗಳೇ ಇಂಗ್ಲಿಷ್ ಪಾಠವಾಗಲಿ

ಮಾನ್ಯರೇ,

ಬಿ.ಕಾಂ. ತರಗತಿಗಳ ಇಂಗ್ಲಿಷ್ ಪಾಠ ಇಂದಿಗೂ ಹೆಚ್ಚಾಗಿ ರಜೆ ಅರ್ಜಿ, ಕಾಲ್ಪನಿಕ ದೂರು ಪತ್ರಗಳ ಸುತ್ತಲೇ ಗಿರಕಿ ಹೊಡೆಯುತ್ತಿದೆ. ಲಾಭ–ನಷ್ಟದ ಖಾತೆಯನ್ನು ಕನ್ನಡದಲ್ಲಿ ಸಲೀಸಾಗಿ ವಿವರಿಸಬಲ್ಲ ವಿದ್ಯಾರ್ಥಿಗಳು ಸಂದರ್ಶನದಲ್ಲಿ ಅದನ್ನೇ ಇಂಗ್ಲಿಷಿನಲ್ಲಿ ಹೇಳಲಾಗದೆ ತಡವರಿಸುತ್ತಾರೆ. ಇನ್ಫೊಸಿಸ್, ವಿಪ್ರೊದಂತಹ ಕಂಪನಿಗಳ ವಾರ್ಷಿಕ ವರದಿಗಳೂ ರಿಸರ್ವ್ ಬ್ಯಾಂಕಿನ ಹಣಕಾಸು ನೀತಿಯ ಹೇಳಿಕೆಗಳೂ ಜಾಲತಾಣಗಳಲ್ಲಿ ಉಚಿತವಾಗಿ ಸಿಗುತ್ತವೆ. ರೆಪೊ ದರ (ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಕೊಡುವ ಅಲ್ಪಾವಧಿ ಸಾಲದ ಬಡ್ಡಿ ದರ) ಏರಿದರೆ ಕಂಪನಿಯ ಸಾಲದ ಬಡ್ಡಿ ಏನಾದೀತು ಎಂಬುದನ್ನು ಮೇಲಧಿಕಾರಿಗೆ ಇಮೇಲಿನಲ್ಲಿ ತಿಳಿಸುವ, 2013ರ ಕಂಪನಿ ಕಾಯ್ದೆಯಂತೆ ಸಾಮಾನ್ಯವಾಗಿ 21 ದಿನ ಮುಂಚಿತವಾಗಿ ಷೇರುದಾರರಿಗೆ ಕಳುಹಿಸಬೇಕಾದ ವಾರ್ಷಿಕ ಸಭೆಯ ನೋಟಿಸನ್ನು ಸಿದ್ಧಪಡಿಸುವ ಅಭ್ಯಾಸ ಮಾಡಿಸಿದರೆ ಭಾಷೆಯೂ ಅರ್ಥಶಾಸ್ತ್ರವೂ ಒಟ್ಟಿಗೇ ದಕ್ಕುತ್ತವೆ. ವ್ಯಾಕರಣವನ್ನು ಆಮೇಲೆ ತಿದ್ದಬಹುದು. ವಿಶ್ವವಿದ್ಯಾಲಯಗಳು ಇಂಗ್ಲಿಷ್ ಮತ್ತು ವಾಣಿಜ್ಯ ಅಧ್ಯಾಪಕರನ್ನು ಒಟ್ಟಿಗೆ ಕೂರಿಸಿ ಇಂತಹ ಪಠ್ಯವನ್ನು ರೂಪಿಸಬೇಕು.

– ವಾಣಿಜ್ಯ ಅಧ್ಯಾಪಕ, ಹಾಸನ